ಗುರಾಣಿಗೆ ಗುರಾಣಿ ತಾಗಿದಾಗ



ಹೋಮರನ ಇಲಿಯಡ್ ಯುದ್ಧದ ಕಾವ್ಯವೆಂದೇ ಹೆಸರುವಾಸಿ. ಆದರೆ ಅದರಲ್ಲಿ ಯುದ್ಧ ಶುರುವಾಗುವುದನ್ನು ನೋಡಬೇಕಾದರೆ ಓದುಗನಿಗೆ ಒಳ್ಳೆಯ ತಾಳ್ಮೆ ಬೇಕು. ಮೊದಲ ಸರ್ಗದಲ್ಲಿ ಜಗಳ. ಎರಡನೆಯದರಲ್ಲಿ ಸಭೆ, ಅದರ ಬೆನ್ನಿಗೇ ಮುಗಿಯದಷ್ಟು ಉದ್ದದ ಹಡಗುಗಳ ಪಟ್ಟಿ. ಮೂರನೆಯದರಲ್ಲಿ ಪ್ಯಾರಿಸನಿಗೂ ಮೆನೆಲಾಸನಿಗೂ ಏರ್ಪಟ್ಟ ದ್ವಂದ್ವಯುದ್ಧ ಅರ್ಧಕ್ಕೇ ನಿಂತುಹೋಗುತ್ತದೆ. ನಾಲ್ಕನೆಯ ಸರ್ಗವೂ ಮುಕ್ಕಾಲು ಪಾಲು ಕಳೆದ ಮೇಲೆ ಗ್ರೀಕರ ಸಾಲು, ಟ್ರಾಯ್‌ನವರ ಸಾಲು ಮೊದಲ ಸಲ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ತೊಗಲಿನ ಗುರಾಣಿಗೆ ಗುರಾಣಿ, ಈಟಿಗೆ ಈಟಿ, ಕೆಚ್ಚಿಗೆ ಕೆಚ್ಚು ತಾಗುತ್ತದೆ. ಹಾಗೆ ತಾಗಿದ್ದಕ್ಕೆ ಹೋಮರ್ ಬಳಸಿದ ಕ್ರಿಯಾಪದ ಸುಂಬಲ್ಲೋ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಕ್ರಿಯಾಪದದ ಬೆನ್ನು ಹತ್ತಿ ಹೋಗುವಂಥದು.

ಮೊದಲು ಉಚ್ಚಾರಣೆ. ನಾನು ‘ಸುಂ’ ಎನ್ನುತ್ತಿರುವುದು ಕನ್ನಡದ ಅನುಕೂಲಕ್ಕೆ. ಹಳೆಯ ಅಥೆನ್ಸಿನವರು ತುಟಿಯನ್ನು ಉಕಾರಕ್ಕೆ ದುಂಡಗೆ ಮಾಡಿಕೊಂಡು, ನಾಲಿಗೆಯನ್ನು ಇಕಾರದ ಜಾಗದಲ್ಲಿಟ್ಟು ಆ ಸ್ವರವನ್ನು ಹೇಳುತ್ತಿದ್ದರು. ಬೇಕಾದರೆ ಕೂತಲ್ಲೇ ಒಮ್ಮೆ ಹೇಳಿ ನೋಡಿ, ಕಷ್ಟವೇನಲ್ಲ. ‘ಸುನ್’ ಎಂದರೆ ಜೊತೆಗೆ, ಒಟ್ಟಿಗೆ. ‘ಬಲ್ಲೋ’ ಎಂದರೆ ಎಸೆಯುತ್ತೇನೆ. ಎರಡೂ ಕೂಡಿದಾಗ ನಕಾರ ಹೋಗಿ, ಮುಂದಿರುವ ಬಕಾರಕ್ಕೆ ಹೊಂದುವಂತೆ ಮಕಾರ ಬರುತ್ತದೆ. ಶಾಲೆಯಲ್ಲಿ ಸಂಧಿ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಗ್ರೀಕಿನ ಸುನ್ ಮತ್ತು ಸಂಸ್ಕೃತದ ಸಮ್ ಒಡಹುಟ್ಟಿದವು ಎಂದು ತಿಳಿಯಬೇಡಿ. ಕೆಲಸ ಒಂದೇ, ಮನೆತನ ಬೇರೆ. ಸಂಸ್ಕೃತದ ‘ಸಮ’ಕ್ಕೆ ಗ್ರೀಕಿನಲ್ಲಿ ನಿಜವಾದ ನೆಂಟ ‘ಹೊಮೊಸ್’. ಹೋಮಿಯೋಪತಿ ಎನ್ನುವಾಗ ಮೊದಲಿಗೆ ಕೇಳಿಸುವುದು ಅದೇ ಕುಟುಂಬದ ದನಿ.

ಅಂದರೆ ಸುಂಬಲ್ಲೋ ಎಂಬುದರ ಬರಿಯ ಅರ್ಥ ಇಷ್ಟೇ: ಎರಡನ್ನು ಒಂದೆಡೆಗೆ ಎಸೆ. ಎಸೆದ ಮೇಲೆ ಅವು ಒಡೆಯುತ್ತವೋ, ಬೆರೆಯುತ್ತವೋ, ಒಂದಕ್ಕೊಂದು ಸರಿಯಾಗಿ ಕೂರುತ್ತವೋ, ಅದನ್ನು ಕ್ರಿಯಾಪದ ಹೇಳುವುದಿಲ್ಲ. ಈ ಮೌನದಿಂದಲೇ ಗ್ರೀಕರು ಕಾಳಗ, ಭೇಟಿ, ಕರಾರು, ವಂತಿಗೆ, ಊಹೆ ಎಲ್ಲವನ್ನೂ ಇದೊಂದರಲ್ಲೇ ಹೇಳಲು ಸಾಧ್ಯವಾಯಿತು ಎಂಬುದು ನನ್ನ ಎಣಿಕೆ. ನಿಘಂಟಿನಲ್ಲಿ ಈ ಪದದ ಎದುರು ಸಾಲುಗಟ್ಟಿ ನಿಂತ ಅರ್ಥಗಳನ್ನು ನೋಡಿ ವಿದ್ಯಾರ್ಥಿಗಳು ಹೆದರುತ್ತಾರೆ. ಹೆದರುವಂಥದ್ದೇನೂ ಇಲ್ಲ, ಎಲ್ಲ ಒಂದೇ ಬೇರಿನ ಗೆಣಸು.

ಇಲಿಯಡ್ಡಿನ ಆ ಜಾಗಕ್ಕೇ ಮರಳೋಣ. ಗುರಾಣಿಗಳು ತಾಗಿ, ಕೊಲ್ಲುವವರ ಅಬ್ಬರವೂ ಸಾಯುವವರ ನರಳಾಟವೂ ಒಟ್ಟಿಗೇ ಎದ್ದ ಮೇಲೆ ಹೋಮರ್ ಒಂದು ಉಪಮೆ ಕೊಡುತ್ತಾನೆ. ಮಳೆಗಾಲದಲ್ಲಿ ತುಂಬಿ ಬೆಟ್ಟದಿಂದ ಧುಮುಕುವ ಹೊಳೆಗಳು ಕಣಿವೆಗಳು ಕೂಡುವ ಜಾಗದಲ್ಲಿ ತಮ್ಮ ನೀರನ್ನು ಒಂದಕ್ಕೊಂದು ಎಸೆಯುತ್ತವೆ. ಆ ಮೊರೆತ ದೂರದ ಬೆಟ್ಟದ ಮೇಲಿರುವ ಕುರುಬನ ಕಿವಿಗೆ ಬೀಳುತ್ತದೆ. ಆರೇಳು ಸಾಲುಗಳ ಹಿಂದೆ ಗುರಾಣಿಗೆ ಬಳಸಿದ ಕ್ರಿಯಾಪದವನ್ನೇ ಕವಿ ಇಲ್ಲಿ ನೀರಿಗೂ ಬಳಸಿದ್ದಾನೆ. ಆದರೆ ರೂಪ ಬೇರೆ: ಸುಂಬಲ್ಲೆತೊನ್. ಇದು ದ್ವಿವಚನ. ಕನ್ನಡಕ್ಕೆ ಇಲ್ಲದ, ಸಂಸ್ಕೃತ ಓದಿದವರು ಮಾತ್ರ ಬಲ್ಲ ವಚನ. ಸ್ವಾರಸ್ಯವಿರುವುದು ಎಲ್ಲಿ ಅಂದರೆ, ಕರ್ತೃಪದ ದ್ವಿವಚನದಲ್ಲಿಲ್ಲ. ‘ಹೊಳೆಗಳು’ ಎಂದು ಬರಿಯ ಬಹುವಚನವಿದೆ. ಎಷ್ಟು ಹೊಳೆ? ನಾಲ್ಕೋ ಹತ್ತೋ ಆಗಬಹುದಿತ್ತು. ಕ್ರಿಯಾಪದದ ಕೊನೆಯ ‘ತೊನ್’ ಬಂದಾಗಲೇ ಅವು ಎರಡು ಎಂದು ಗೊತ್ತಾಗುವುದು. ಎದುರೆದುರಾದ ಸೇನೆಗಳೂ ಎರಡು. ಉಪಮೆಯ ಲೆಕ್ಕವನ್ನು ಕವಿ ಕ್ರಿಯಾಪದದ ತುದಿಯಲ್ಲಿ ಇಟ್ಟಿದ್ದಾನೆ.

ಗುರಾಣಿಯ ಸಾಲಿನಲ್ಲೂ ಒಂದು ವಿಶೇಷವಿದೆ. ಅಲ್ಲಿ ಸುನ್ ಒಂದು ಕಡೆ, ಬಲ್ಲೋ ಒಂದು ಕಡೆ. ಉಪಸರ್ಗ ಸಾಲಿನ ಮೊದಲಿಗೇ ಬರುತ್ತದೆ, ನಡುವೆ ಒಂದು ಸಣ್ಣ ಅವ್ಯಯ ನುಸುಳುತ್ತದೆ, ಆಮೇಲೆ ಧಾತು. ಗುರಾಣಿಯಿಂದ ಈಟಿಗೆ ಹೋಗುವಾಗ ಕವಿ ಧಾತುವನ್ನು ಮತ್ತೆ ಹೇಳುವುದೇ ಇಲ್ಲ. ‘ಸುನ್’ ಎಂದಷ್ಟೇ ಇನ್ನೊಮ್ಮೆ ಅಂದು ಮುಂದೆ ಸಾಗುತ್ತಾನೆ. ನಮ್ಮ ವೇದಗಳ ಭಾಷೆಯಲ್ಲೂ ಉಪಸರ್ಗ ಧಾತುವನ್ನು ಬಿಟ್ಟು ಹೀಗೆ ಓಡಾಡಿಕೊಂಡಿತ್ತು. ಮುಂದಿನ ಸಂಸ್ಕೃತದಲ್ಲಿ ಅದನ್ನು ಧಾತುವಿಗೆ ಕಟ್ಟಿಹಾಕಿದರು. ಗ್ರೀಕಿನಲ್ಲೂ ಆದದ್ದು ಹಾಗೆಯೇ. ಇನ್ನು, ಹೋಮರನಿಗೆ ಈ ಸಾಲುಗಳು ಎಷ್ಟು ಹಿಡಿಸಿದ್ದವೆಂದರೆ ಎಂಟನೆಯ ಸರ್ಗದಲ್ಲಿ ಸೇನೆಗಳು ಎದುರಾದಾಗ ಅವನ್ನೇ ತಂದು ಮತ್ತೆ ಹಾಡುತ್ತಾನೆ. ಬಾಯಿಪಾಠದ ಕಾವ್ಯದಲ್ಲಿ ಇದು ದೋಷವಲ್ಲ.

ಕೆಲವೊಮ್ಮೆ ಎಸೆಯುವವರು ಬೇರೆ, ಕಾದುವವರು ಬೇರೆ. ಮೂರನೆಯ ಸರ್ಗದಲ್ಲಿ ಪ್ಯಾರಿಸ್ ತನ್ನ ಅಣ್ಣ ಹೆಕ್ಟರನಿಗೆ, ನನ್ನನ್ನೂ ಮೆನೆಲಾಸನನ್ನೂ ನಡುವೆ ತಂದು ಕಾದಲು ಬಿಡಿ ಎನ್ನುವಾಗ ಈ ಕ್ರಿಯಾಪದದ ವಿಧ್ಯರ್ಥ ರೂಪ ಬಳಸುತ್ತಾನೆ. ಅಂಥದ್ದೇ ಪ್ರಯೋಗ ಕ್ಸೆನೊಫನ್ ಬರೆದ ‘ಸಿಂಪೋಸಿಯಂ’ ಎಂಬ ಪಾನಗೋಷ್ಠಿಯ ಪುಸ್ತಕದಲ್ಲಿದೆ: ಕೆಲವರು ಹುಂಜಗಳಿಗೆ ಬೆಳ್ಳುಳ್ಳಿ ತಿನ್ನಿಸಿ ಕಾಳಗಕ್ಕೆ ಬಿಡುತ್ತಾರಂತೆ. ‘ಬಿಡುತ್ತಾರೆ’ ಎನ್ನುವ ಕಡೆ ಇರುವುದು ಸುಂಬಲ್ಲೋ. ನಮ್ಮ ಕರಾವಳಿಯ ಕೋಳಿ ಅಂಕದ ಕಣದಲ್ಲಿ ಎರಡೂ ಕಡೆಯವರು ತಂತಮ್ಮ ಹುಂಜ ಹಿಡಿದುಕೊಂಡು ಎದುರುಬದುರು ತಂದು ಬಿಡುವುದನ್ನು ಕಂಡವರಿಗೆ ಪ್ಯಾರಿಸನ ಮಾತಿನ ಬನಿ ಚೆನ್ನಾಗಿ ತಿಳಿದೀತು. ಹೆಂಡತಿಯನ್ನು ಕಳೆದುಕೊಂಡ ಮೆನೆಲಾಸ್, ಅವಳನ್ನು ಕದ್ದ ಪ್ಯಾರಿಸ್, ಇಬ್ಬರೂ ಕಣದ ಹುಂಜಗಳು.

ಇನ್ನು ಒಡಿಸ್ಸಿ. ಆರನೆಯ ಸರ್ಗದಲ್ಲಿ ನೌಸಿಕಾ ಎಂಬ ರಾಜಕುಮಾರಿ ಬೆಳಗ್ಗೆ ಎದ್ದು, ಬಟ್ಟೆ ಒಗೆಯಲು ಹೊಳೆಗೆ ಹೋಗಬೇಕು, ಬಂಡಿ ಕೊಡಿಸಪ್ಪ ಎಂದು ಕೇಳಲು ಮನೆಯೊಳಗೆ ಹೋಗುತ್ತಾಳೆ. ಅಮ್ಮ ಒಲೆಯ ಬಳಿ ಕೂತು ನೂಲುತ್ತಿದ್ದಾಳೆ. ಅಪ್ಪ ಸಭೆಗೆ ಹೊರಟವನು ಬಾಗಿಲಲ್ಲೇ ಎದುರಾಗುತ್ತಾನೆ. ಈ ‘ಎದುರಾಗುವುದ’ಕ್ಕೆ ಬಂದಿರುವುದೂ ನಮ್ಮ ಕ್ರಿಯಾಪದವೇ, ಕ್ಸುಂಬ್ಲೇತೊ ಎಂಬ ಹಳೆಯ ವೇಷದಲ್ಲಿ. ಸುನ್‌ಗೆ ಕ್ಸುನ್ ಎಂಬ ಇನ್ನೊಂದು, ಹೆಚ್ಚು ಹಳೆಯ ರೂಪವಿತ್ತು. ಸಾವಿರಾರು ಜನ ಸಾಯುವ ಕಾಳಗಕ್ಕೂ ಅಪ್ಪ ಮಗಳು ಹೊಸ್ತಿಲಲ್ಲಿ ಸಿಕ್ಕುವುದಕ್ಕೂ ಒಂದೇ ಪದವೇ ಎಂದು ನಮಗೆ ಬೆರಗಾಗಬಹುದು. ಆದರೆ ನಮ್ಮ ಪತ್ರಿಕೆಗಳು ದಿನಾ ಬರೆಯುವ ‘ಕೈಕೈ ಮಿಲಾಯಿಸಿದರು’ ಎಂಬುದರಲ್ಲಿ ಆಗುವುದೇನು? ಕೈಗೆ ಕೈ ಸೇರುತ್ತದೆ, ಅಷ್ಟೇ. ಸಂಸ್ಕೃತದ ‘ಸಮರ’ವೂ ಮೂಲದಲ್ಲಿ ಒಂದೆಡೆ ಬಂದು ಸೇರುವುದು, ‘ಸಮಿತಿ’ಯನ್ನು ಅಮರಕೋಶ ಯುದ್ಧದ ಹೆಸರುಗಳ ನಡುವೆ ಕೂರಿಸಿದೆ. ನಮ್ಮ ಕೆಲವು ಸಮಿತಿಗಳ ಸಭೆ ನೋಡಿದವರು ಅಮರಸಿಂಹನನ್ನು ಒಪ್ಪಿಯಾರು.

ರೂಪಗಳ ವಿಷಯಕ್ಕೆ ಬರೋಣ. ಗ್ರೀಕ್ ವ್ಯಾಕರಣ ಎಂದರೆ ತಲೆನೋವು ಎಂಬ ಮಾತಿದೆ. ಸಂಸ್ಕೃತದ ಪರಿಚಯವಿರುವ ಕನ್ನಡಿಗರಿಗೆ ಅದು ಅಷ್ಟೇನೂ ಅಪರಿಚಿತ ಊರಲ್ಲ. ಗ್ರೀಕಿನಲ್ಲಿ ಭೂತಕಾಲದ ಗುರುತು ಧಾತುವಿನ ಮುಂದೆ ಬರುವ ಎಕಾರ. ಸಂಸ್ಕೃತದಲ್ಲಿ ‘ಅಗಚ್ಛತ್’ ಎನ್ನುವಾಗಿನ ಅಕಾರ ಅದರ ಒಡಹುಟ್ಟು. ಉಪಸರ್ಗವಿದ್ದರೆ ಈ ಅಕ್ಷರ ಉಪಸರ್ಗಕ್ಕಿಂತ ಮೊದಲು ಬರುವುದಿಲ್ಲ, ಉಪಸರ್ಗಕ್ಕೂ ಧಾತುವಿಗೂ ನಡುವೆ ಕೂರುತ್ತದೆ. ಹಾಗಾಗಿ ಸುನ್, ಎ, ಬಲೊನ್ ಸೇರಿ ‘ಸುನೆಬಲೊನ್’. ನಡುವೆ ಸ್ವರ ಬಂದ ಕೂಡಲೇ ಮಕಾರ ತನ್ನ ಮೂಲದ ನಕಾರಕ್ಕೆ ಮರಳಿದ್ದನ್ನು ಗಮನಿಸಿದಿರಾ? ಪೂರ್ಣಗೊಂಡ ಕ್ರಿಯೆಗೆ ಧಾತುವಿನ ಮೊದಲ ವ್ಯಂಜನ ಇಮ್ಮಡಿಯಾಗುತ್ತದೆ: ಸುಂಬೆಬ್ಲೇಕ. ಸಂಸ್ಕೃತದ ‘ಬಭೂವ’ದಲ್ಲಿ ಬಕಾರ ಬಂದದ್ದೂ ಹೀಗೆಯೇ. ಭವಿಷ್ಯತ್ತಿನಲ್ಲಿ ಲಕಾರದ ಒತ್ತು ಬಿದ್ದುಹೋಗಿ, ಸ್ವರದ ಏರು ಕೊನೆಗೆ ಜಾರಿ, ಸುಂಬಲೋ ಎಂದಾಗುತ್ತದೆ.

ಈ ಒತ್ತಕ್ಷರದ ಬಗ್ಗೆ ಇನ್ನೊಂದು ಗಳಿಗೆ ನಿಲ್ಲಬೇಕು. ‘ಸುನೆಬಲೊನ್’ ಎಂದು ಒಂಟಿ ಲಕಾರದಲ್ಲಿ ಹೇಳಿದರೆ ಒಮ್ಮೆ ತಾಗಿದರು, ಕೆಲಸ ಆಯಿತು ಎಂದರ್ಥ. ‘ಸುನೆಬಲ್ಲೊನ್’ ಎಂದು ಒತ್ತಿ ಹೇಳಿದರೆ ತಾಗುತ್ತಲೇ ಇದ್ದರು, ಮುಗಿದಿರಲಿಲ್ಲ. ಇಲಿಯಡ್ಡಿನಲ್ಲಿ ಗುರಾಣಿಗಳ ವಿಷಯದಲ್ಲಿರುವುದು ಒಂಟಿ ಲಕಾರ: ಒಂದೇ ಏಟಿನ ಸದ್ದು. ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 17ನೆಯ ಅಧ್ಯಾಯದಲ್ಲಿ ಸಂತ ಪೌಲ ಅಥೆನ್ಸಿಗೆ ಬಂದಾಗ ಎಪಿಕ್ಯೂರಸ್ ಪಂಥದ, ಸ್ಟೋಯಿಕ್ ಪಂಥದ ಪಂಡಿತರು ಅವನೊಡನೆ ವಾದಕ್ಕಿಳಿಯುತ್ತಾರೆ. ಅಲ್ಲಿರುವುದು ಒತ್ತು ಲಕಾರ: ವಾದ ನಡೆದೇ ಇತ್ತು. ಇಂಗ್ಲಿಷ್ ಮಾತಾಡುವವರಿಗೆ ಈ ಎರಡು ಉಚ್ಚಾರಗಳ ವ್ಯತ್ಯಾಸ ಕಿವಿಗೆ ಹತ್ತುವುದೇ ಕಷ್ಟ. ಎಲೆಯೇ ಬೇರೆ, ಎಲ್ಲೆಯೇ ಬೇರೆ ಎಂದು ತೊಟ್ಟಿಲಿನಿಂದಲೇ ಕೇಳಿ ಬೆಳೆದ ನಮಗೆ ಅದು ಪುಕ್ಕಟೆ ಸಿಕ್ಕ ಲಾಭ.

ಇನ್ನೊಂದು ಲಾಭ ಆತ್ಮನೇಪದ. ಗ್ರೀಕಿನಲ್ಲೂ ಅದಿದೆ. ಸುಂಬಲ್ಲೋ ಎಂದರೆ ಬೇರೆ ಏನನ್ನೋ ಒಟ್ಟಿಗೆ ಎಸೆಯುತ್ತೇನೆ. ‘ಸುಂಬಲ್ಲೊಮಾಯ್’ ಎಂದರೆ ನನ್ನದನ್ನು, ನನಗಾಗಿ, ನನ್ನ ಪಾಲಿನದನ್ನು ಹಾಕುತ್ತೇನೆ. ಇಲ್ಲಿಂದಲೇ ವಂತಿಗೆಯ ಅರ್ಥ. ಅಥೆನ್ಸಿನಲ್ಲಿ ಗೆಳೆಯರು ಪಾಲು ಹಾಕಿಕೊಂಡು ಊಟ ಮಾಡುತ್ತಿದ್ದರು. ಆ ಪಾಲಿಗೆ ‘ಸುಂಬೊಲೇ’ ಎಂದು ಹೆಸರು. ಏನೂ ಕೊಡದೆ ಪಂಕ್ತಿಯಲ್ಲಿ ಬಂದು ಕೂರುವವನು ‘ಅಸುಂಬೊಲೊಸ್’, ಪ್ರಹಸನಗಳ ಕಾಯಂ ಪಾತ್ರ. ಇತಿಹಾಸಕಾರ ಹೆರೊಡೊಟಸ್ ಇದೇ ಆತ್ಮನೇಪದವನ್ನು ‘ಊಹಿಸುತ್ತೇನೆ’ ಎಂಬ ಅರ್ಥದಲ್ಲಿ ಬಳಸಿದ. ನೈಲ್ ನದಿಯ ಮೂಲ ಅವನ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣುವುದನ್ನು ಇಟ್ಟುಕೊಂಡು ಕಾಣದ್ದನ್ನು ಅಂದಾಜು ಮಾಡುತ್ತೇನೆ ಎಂದು ಹೊರಟ ಅವನು, ಗೊತ್ತಿದ್ದ ಡ್ಯಾನ್ಯೂಬನ್ನು ಗೊತ್ತಿಲ್ಲದ ನೈಲಿನ ಪಕ್ಕಕ್ಕಿಟ್ಟು, ಇದರಂತೆ ಅದೂ ಪಶ್ಚಿಮದಿಂದಲೇ ಹರಿದು ಬರುತ್ತಿರಬೇಕು ಎಂದ. ತೀರ್ಮಾನ ತಪ್ಪಾಯಿತು, ನಿಜ. ಆದರೆ ಎರಡನ್ನು ಒಟ್ಟಿಗಿಟ್ಟು ನೋಡುವ ಅವನ ಪದ್ಧತಿ ಮೆಚ್ಚುವಂಥದ್ದು.

ಈಗ ‘ಬಲ್’ ಧಾತು ‘ಬೊಲ್’ ಆಗಿ ಹುಟ್ಟಿದ ನಾಮಪದ ‘ಸುಂಬೊಲೊನ್’. ಚುನಾವಣೆ ಬಂದಾಗ ಊರೂರಲ್ಲೂ ಜನ ‘ಸಿಂಬಲ್’ ಯಾವುದು ಎಂದು ಕೇಳುತ್ತಾರಲ್ಲ, ಅದರ ಅಜ್ಜ ಇದೇ. ಇದು ಮೊದಲಿಗೆ ಚಿತ್ರವಲ್ಲ, ಮುರಿದ ಒಂದು ವಸ್ತು. ಇಬ್ಬರು ಮೂಳೆಯ ದಾಳವನ್ನೋ ಬೇರೆ ಏನನ್ನೋ ಎರಡು ಹೋಳು ಮಾಡಿ ಒಬ್ಬೊಬ್ಬರು ಒಂದೊಂದು ಇಟ್ಟುಕೊಳ್ಳುವರು. ಮುಂದೆ ಅವರಾಗಲಿ ಅವರ ಮಕ್ಕಳಾಗಲಿ ಬಂದು ಹೋಳಿಗೆ ಹೋಳು ಕೂಡಿಸಿದಾಗ ಅಂಚು ಹೊಂದಿದರೆ ಗುರುತು ಸಿಕ್ಕಿತು.

ಹೆರೊಡೊಟಸನ ಆರನೆಯ ಪುಸ್ತಕದಲ್ಲಿ ಇಂಥ ಗುರುತಿನ ಒಂದು ಕಥೆಯಿದೆ. ಸ್ಪಾರ್ಟದಲ್ಲಿ ಗ್ಲೌಕಸ್ ಎಂಬವನಿದ್ದ, ಪ್ರಾಮಾಣಿಕತೆಗೆ ಹೆಸರಾದವನು. ಆ ಹೆಸರು ಕೇಳಿ ಸಮುದ್ರದಾಚೆಯ ಮಿಲೆಟಸ್ ಪಟ್ಟಣದ ಒಬ್ಬ ಬಂದ. ತನ್ನ ಆಸ್ತಿಯ ಅರ್ಧವನ್ನು ಬೆಳ್ಳಿಯಾಗಿ ಮಾಡಿಕೊಂಡು ಬಂದು ಇವನ ಬಳಿ ಇಟ್ಟ, ಸುಂಬೊಲಗಳನ್ನೂ ಕೊಟ್ಟ. ಇದಕ್ಕೆ ಜೊತೆಯಾದದ್ದನ್ನು ತಂದು ಕೇಳುವವರಿಗೆ ಹಣ ಕೊಡು ಎಂದ. ಬಹಳ ಕಾಲ ಕಳೆಯಿತು. ಆ ಮನುಷ್ಯನ ಮಕ್ಕಳು ಬಂದು ಗುರುತು ತೋರಿಸಿದರು. ಗ್ಲೌಕಸ್, ನನಗೆ ಇದೊಂದೂ ನೆನಪಿಲ್ಲ, ಯೋಚಿಸಿ ನಾಲ್ಕನೆಯ ತಿಂಗಳಲ್ಲಿ ಹೇಳುತ್ತೇನೆ ಎಂದು ಅವರನ್ನು ಕಳಿಸಿ, ನೆಟ್ಟಗೆ ಡೆಲ್ಫಿಗೆ ಹೋದ. ಸುಳ್ಳು ಪ್ರಮಾಣ ಮಾಡಿ ಹಣ ನುಂಗಬಹುದೇ ಎಂದು ದೇವರನ್ನೇ ಕೇಳಿದ! ಅಲ್ಲಿನ ದೈವವಾಣಿ, ಮಾಡು, ಸದ್ಯಕ್ಕೆ ಲಾಭವೇ. ಆದರೆ ಪ್ರಮಾಣಕ್ಕೊಂದು ಹೆಸರಿಲ್ಲದ ಮಗುವಿದೆ, ಕೈಕಾಲಿಲ್ಲದಿದ್ದರೂ ಬೆನ್ನಟ್ಟಿ ಬಂದು ವಂಶವನ್ನೇ ನುಂಗುತ್ತದೆ ಎಂಬ ಅರ್ಥದ ಮಾತಾಡಿತು. ಹೆದರಿದ ಗ್ಲೌಕಸ್ ಕ್ಷಮೆ ಬೇಡಿದ. ದೇವರನ್ನು ಹೀಗೆ ಪರೀಕ್ಷಿಸುವುದೂ ಒಂದೇ, ಆ ಕೆಲಸ ಮಾಡುವುದೂ ಒಂದೇ ಎಂದು ಉತ್ತರ ಬಂತು. ಊರಿಗೆ ಮರಳಿ ಹಣವನ್ನೇನೋ ಹಿಂದಿರುಗಿಸಿದ. ಆದರೂ ಗ್ಲೌಕಸನ ಹೆಸರು ಹೇಳುವ ಒಂದು ಕುಡಿಯೂ, ಒಂದು ಮನೆಯೂ ಈಗ ಸ್ಪಾರ್ಟದಲ್ಲಿಲ್ಲ ಎಂದು ಕಥೆ ಮುಗಿಯುತ್ತದೆ.

ಈ ಕಥೆ ಹೇಳಿದವನು ಸ್ಪಾರ್ಟದ ರಾಜ ಲಿಯೊಟಿಕಿಡಿಸ್. ಅಥೆನ್ಸಿನಲ್ಲಿ ಒತ್ತೆಯಿಟ್ಟಿದ್ದ ಜನರನ್ನು ವಾಪಸ್ ಕೊಡಿ ಎಂದು ಕೇಳಲು ಹೋಗಿ ಅಥೆನ್ಸಿನವರಿಗೆ ಇದನ್ನು ಬೋಧಿಸಿದ. ಅವರು ಕಿವಿಗೊಡಲಿಲ್ಲ. ಇದೇ ಮಹಾಶಯ ಮುಂದೆ ಥೆಸಲಿಯ ದಂಡಯಾತ್ರೆಯಲ್ಲಿ ಲಂಚ ತಿಂದು, ಬೆಳ್ಳಿ ತುಂಬಿದ ಕೈಗವಸಿನ ಮೇಲೆ ಕೂತಿದ್ದಾಗಲೇ ಸಿಕ್ಕಿಬಿದ್ದು ಗಡಿಪಾರಾದ ಎಂದು ಹೆರೊಡೊಟಸ್ ಅದೇ ಪುಸ್ತಕದಲ್ಲಿ, ಅದೂ ಗ್ಲೌಕಸನ ಕಥೆಗಿಂತ ಮೊದಲೇ ಹೇಳಿಬಿಟ್ಟಿದ್ದಾನೆ. ಎರಡನ್ನೂ ಕೂಡಿಸಿ ನೋಡುವ ಕೆಲಸವನ್ನು ಓದುಗನಿಗೇ ಬಿಟ್ಟಿದ್ದಾನೆ, ಜಾಣ.

ಪ್ಲೇಟೊ ಈ ಹೋಳನ್ನು ಪ್ರೇಮಕ್ಕೆ ಒಯ್ದ. ಅವನ ‘ಸಿಂಪೋಸಿಯಂ’ನಲ್ಲಿ ಹಾಸ್ಯಕವಿ ಅರಿಸ್ಟೊಫೇನಸ್ ಹೇಳುವಂತೆ ಮನುಷ್ಯರು ಮೊದಲು ದುಂಡಗೆ, ಜೋಡಿದೇಹದವರಾಗಿ ಇದ್ದರು, ಜ್ಯೂಸ್ ದೇವರು ಸೀಳಿದ. ಅಂದಿನಿಂದ ನಾವೆಲ್ಲ ಒಬ್ಬೊಬ್ಬರೂ ಒಂದೊಂದು ಸುಂಬೊಲೊನ್, ಇನ್ನರ್ಧ ಹುಡುಕುತ್ತ ಅಲೆಯುವವರು.

ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಬರುವುದು ಆರೇ ಸಲ, ಆರೂ ಲೂಕನ ಎರಡು ಪುಸ್ತಕಗಳಲ್ಲೇ. ಲೂಕನ ಗ್ರೀಕ್ ಓದುಬರಹ ಬಲ್ಲವನ ಗ್ರೀಕ್. 10,000 ಸೈನಿಕರನ್ನು ಇಟ್ಟುಕೊಂಡು 20,000 ಜನರ ಮೇಲೆ ಹೋಗುವ ಮೊದಲು ರಾಜ ಕೂತು ಲೆಕ್ಕ ಹಾಕುವುದಿಲ್ಲವೇ ಎಂಬ ಯೇಸುವಿನ ದೃಷ್ಟಾಂತದಲ್ಲಿ ‘ಕಾದಲು’ ಎಂಬುದಕ್ಕೆ ಇದೇ ಪದ. ಕುರುಬರು ಬಂದು ಕೂಸು ಯೇಸುವಿನ ಬಗ್ಗೆ ದೂತರು ನುಡಿದದ್ದನ್ನು ಹೇಳಿದ ಮೇಲೆ ಮರಿಯ ಆ ಮಾತುಗಳನ್ನೆಲ್ಲ ಮನಸ್ಸಿನಲ್ಲಿಟ್ಟು ತೂಗಿ ನೋಡುತ್ತಿದ್ದಳು ಎನ್ನುವಲ್ಲಿ ಇರುವುದೂ ಇದೇ ಪದ. ಅನುವಾದಕರು ಒಂದು ಕಡೆ ಯುದ್ಧ, ಇನ್ನೊಂದು ಕಡೆ ಧ್ಯಾನ ಎಂದು ಬೇರೆ ಬೇರೆ ಮಾಡದೆ ವಿಧಿಯಿಲ್ಲ. ಹಾಗೆ ಮಾಡಿದಾಗ ಆ ತಾಯಿಯ ಮನಸ್ಸಿನಲ್ಲಿ ಕೇಳಿದ ಮಾತಿಗೂ ಕಂಡ ಬಡತನಕ್ಕೂ ನಡೆದಿರಬಹುದಾದ ತಿಕ್ಕಾಟ ಮಾತ್ರ ಸ್ವಲ್ಪ ಮೆತ್ತಗಾಗುತ್ತದೆ.

ಇಂದಿನ ಗ್ರೀಸಿನಲ್ಲಿ ಈ ಪದ ‘ಸಿಂವಾಲೊ’ ಎಂದು ಬದುಕಿದೆ. ಅರ್ಥ ನೆರವಾಗುವುದು, ಪಾಲು ಕೊಡುವುದು. ನದಿಗಳು ಕೂಡುವುದಕ್ಕೂ ಬಳಕೆಯಿದೆ. ಕರಾರುಪತ್ರಕ್ಕೆ ‘ಸಿಂವೊಲೆಯೊ’ ಎನ್ನುತ್ತಾರೆ. ಡಿಕ್ಕಿಯ ಅರ್ಥ ಮಾತ್ರ ಕೈಬಿಟ್ಟಿದೆ. ರಸ್ತೆಯಲ್ಲಿ ಎರಡು ಕಾರು ಗುದ್ದಿಕೊಂಡರೆ ಅಲ್ಲಿನ ಪತ್ರಿಕೆಗಳು ಬಳಸುವುದು ಬೇರೊಂದು ಧಾತುವಿನಿಂದ ಬಂದ ಪದ. ಆ ಧಾತು ‘ಕ್ರೂಓ’, ಅಂದರೆ ಬಡಿ, ತಟ್ಟು. ಹಳೆಯ ಗ್ರೀಕಿನಲ್ಲಿ ಇದು ಬಾಗಿಲು ತಟ್ಟುವುದಕ್ಕೂ, ತಂತಿವಾದ್ಯ ಮೀಟುವುದಕ್ಕೂ ಬರುತ್ತಿತ್ತು. ಸುನ್ ಸೇರಿಸಿದರೆ ‘ಸುಂಕ್ರೂಓ’, ಬಡಿದಾಡಿಸು.

ಕನ್ನಡದ ಓದುಗರಿಗೆ ಈ ಕ್ರೂಓ ಒಂದು ಕಡೆ ಪರಿಚಯವಾಗಿರಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ, 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದ 413ನೆಯ ಪಪೈರಸ್ಸಿನಲ್ಲಿ ಒಂದು ಪ್ರಹಸನವಿದೆ. ಕ್ಯಾರಿಟಿಯನ್ ಎಂಬ ಗ್ರೀಕ್ ಹೆಣ್ಣು ಭಾರತದ ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ. ಅವಳ ಕಡೆಯವರು ಅಲ್ಲಿನ ರಾಜನಿಗೂ ಅವನ ಜನರಿಗೂ ಚೆನ್ನಾಗಿ ದ್ರಾಕ್ಷಾರಸ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನ ಬಾಯಲ್ಲಿ ಬರುವ, ಗ್ರೀಕಲ್ಲದ ಮಾತುಗಳು ಕನ್ನಡವಿರಬಹುದು ಎಂದು ಹುಲ್ಟ್ಸ್ ಎಂಬ ವಿದ್ವಾಂಸ 1904ರಲ್ಲಿ ಸೂಚಿಸಿದ. ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಆ ಜಾಡಿನಲ್ಲಿ ಇನ್ನೂ ಮುಂದೆ ಹೋದರು. ಅದು ಯಾವ ಭಾಷೆಯೂ ಅಲ್ಲ, ನಗಿಸಲು ಕಟ್ಟಿದ ಗದ್ದಲ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಹಾಳೆಯಲ್ಲಿ ಮಾತಿನ ನಡುನಡುವೆ ವಾದ್ಯದವರಿಗೆಂದು ಬರೆದ ಸೂಚನೆಗಳಿವೆ. ತಮಟೆ ಎಲ್ಲಿ ಬಾರಿಸಬೇಕು ಎಂಬ ಗುರುತುಗಳ ಜೊತೆಗೆ ಒಂದು ಕಡೆ ‘ಕ್ರೂಸಿಸ್’ ಎಂದಿದೆ. ಬಡಿತ, ಅಷ್ಟೇ. ರಾಜನ ಮಾತು ಯಾವ ಭಾಷೆಯದಾದರೂ ಆಗಲಿ, ಈ ಪದ ಯಾವುದೆಂದು ಮಾತ್ರ ಯಾರೂ ಜಗಳವಾಡಿಲ್ಲ.